ಹಸಿರಾದ ಏಳನೇ ಬಿಲ್ಲೆ

“ಜೇಬು ತೆಗೆಸಿದ್ಯಲ್ಲೋ! ನಲವತ್ತು ಜನರ ಎದುರಿಗೆ ನನ್ನ ಗಂಡನ ಜೇಬು ತೆಗೆಸಿದ್ಯಲ್ಲೋ, ಪಾಪಿ!”

ಅಕ್ಕ ಎಸೆದ ಭಾವನ ಕೆಲಸದ ಏಪ್ರನ್ ಮೇಜಿನ ಮೇಲಿದ್ದ ಟೀ ಲೋಟವನ್ನು ಉರುಳಿಸಿಕೊಂಡು ಬಂದು ಪತ್ತೇದಾರನ ಮಡಿಲಿಗೆ ಬಿತ್ತು. ಟೀ ಬಿಸಿಯಾಗಿತ್ತು. ಅವನು ಚಂಗನೆ ಎದ್ದು ನಿಂತ.

“ಅಕ್ಕಾ, ಕೂಗಬೇಡ. ಕೆಳಗೆ ಟೈಲರ್ ಅಂಗಡೀಲಿ ಜನ ಇದಾರೆ.”

“ಇರಲಿ, ಕೇಳಲಿ! ಅವತ್ತು ನೀನು ಗಂಟಲು ಹರಿದುಕೊಂಡಾಗ ಜನ ಇರಲಿಲ್ವಾ? ಆಗ ನಿನಗೆ ಮರ್ಯಾದೆ ನೆನಪಾಗಲಿಲ್ವಾ?”

ಪತ್ತೇದಾರನನ್ನು ಸುತ್ತಮುತ್ತಲಿನವರು ಸಿಡುಕಣ್ಣ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವನಿಗೂ ಅಭ್ಯಾಸವಾಗಿ ಹೋಗಿತ್ತು. ಮೂಗಿನ ತುದಿಯಲ್ಲೇ ಕೋಪ. ಆದರೆ ಅಕ್ಕನ ಎದುರು ಆ ಕೋಪ ಯಾವತ್ತೂ ಅರ್ಧಕ್ಕೇ ನಿಂತುಬಿಡುತ್ತಿತ್ತು.

“ನಾನೇನು ಮಾಡಲಿ ಹೇಳು? ನೀರಿನ ಹಾಗಿದ್ದ ಏಳು ವಜ್ರದ ಬಿಲ್ಲೆ ಬೀರುವಿನ ಒಳಗೆ ಹೋದ್ವು. ಏಳನೆಯದರ ಜಾಗದಲ್ಲಿ ಪಾಚಿ ಬಣ್ಣದ ಗಾಜು ಹೊರಗೆ ಬಂತು. ವಜ್ರ ಪರೀಕ್ಷಿಸೋ ಟೆಸ್ಟರ್ ಇಟ್ಟರೆ ಕೀಂ ಅನ್ನಲಿಲ್ಲ. ಬೀರುವಿನ ಕೀ ಭಾವನ ಸೊಂಟದಲ್ಲಿ. ಹಾರ ಹಾಕಲಾ ಅವರಿಗೆ?”

“ಅವತ್ತು ಅವರು ಏನಂದ್ರು?”

“ಇದು ನಾನು ಸಾಣೆ ಹಿಡಿದ ಕಲ್ಲೇ ಅಂದ್ರು. ಸಿಕ್ಕಿಬಿದ್ದವರು ಎಲ್ಲರೂ ಅನ್ನೋದೇ.”

“ಆಮೇಲೆ?”

ಸಿಡುಕಣ್ಣ ಒದ್ದೆ ಪ್ಯಾಂಟು ಒರೆಸಿಕೊಳ್ಳತೊಡಗಿದ.

“ಮೂಲೆ ನೋಡು ಅಂದ್ರು. ನೋಡಿದ್ಯಾ?”

ಅವನು ಪ್ಯಾಂಟನ್ನು ಇನ್ನೂ ಜೋರಾಗಿ ಉಜ್ಜಿದ.

“ನೋಡಿಲ್ಲ!” ಅಕ್ಕನ ದನಿ ಈಗ ಇಳಿಯಿತು. ಅದು ಕೂಗಿಗಿಂತ ಕೆಟ್ಟದಾಗಿತ್ತು. “ಹದಿನೆಂಟು ದಿನ ಆಯ್ತು. ಅವರು ಗೋಡೆ ಕಡೆ ಮುಖ ಮಾಡಿ ಕೂತಿದಾರೆ. ಹಾಲು ಹಾಕೋನು ಕೂಡ ನಮ್ಮ ಮನೆಗೆ ಗಾಜಪ್ಪನ ಮನೆ ಅಂತಾನೆ. ನಿನ್ನನ್ನ ಸ್ಕೂಲಿಗೆ ಹೊತ್ತುಕೊಂಡು ಹೋದೋಳು ಕಣೋ ನಾನು. ಅವತ್ತೇ ದಾರೀಲಿ ಇಳಿಸಿ ಬಂದಿದ್ರೆ ಚೆನ್ನಾಗಿತ್ತು.”

ಅವಳು ಮೆಟ್ಟಿಲಿಳಿದು ಹೋದಳು. ಕೆಳಗಿನ ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದಾಗಿ ಮತ್ತೆ ಶುರುವಾದವು.

ಸಿಡುಕಣ್ಣ ಬಾಗಿಲು ಹಾಕಿಕೊಂಡ. ಕಬ್ಬಿಣದ ಪೆಟ್ಟಿಗೆಯಿಂದ ಪುಟ್ಟ ಡಬ್ಬಿ ತೆಗೆದ. ಒಳಗೆ ಹತ್ತಿಯ ಮೇಲೆ ಆ ಬಿಲ್ಲೆ. ಹೆಬ್ಬೆರಳ ಉಗುರಿನಗಲ, ಉಗುರಿನಷ್ಟೇ ತೆಳು, ಚೌಕ. ಕಿಟಕಿಗೆ ಹಿಡಿದರೆ ನಿಂತ ನೀರಿನ ಗಾಢ ಹಸಿರು.

ಅವನು ಭೂತಗನ್ನಡಿ ಹಿಡಿದು ಮೂಲೆಗಳನ್ನು ನೋಡಿದ. ಒಂದು ಚೂಪು. ಎರಡು ಚೂಪು. ಮೂರು ಚೂಪು.

ನಾಲ್ಕನೆಯ ಮೂಲೆ ಕೂದಲೆಳೆಯಷ್ಟು ಗುಂಡಗಿತ್ತು.

ಅವನು ಭೂತಗನ್ನಡಿ ಒರೆಸಿ ಮತ್ತೊಮ್ಮೆ ನೋಡಿದ. ವಜ್ರ ಎಲ್ಲ ದಿಕ್ಕಿಗೂ ಒಂದೇ ಸಮ ಸವೆಯುವುದಿಲ್ಲ. ಒಂದು ದಿಕ್ಕಿನಲ್ಲಿ ಮಾತ್ರ ಸಾಣೆಗೆ ಮೆತ್ತಗೆ ಒಗ್ಗುತ್ತದೆ. ಆ ದಿಕ್ಕು ಪ್ರತಿಸಲ ಹುಡುಕುವ ತಾಪತ್ರಯ ಬೇಡವೆಂದು ಭಾವ ಆ ಕಡೆಯ ಮೂಲೆಯನ್ನು ಚೂರೇ ಚೂರು ಉಜ್ಜಿ ಇಡುತ್ತಿದ್ದ. ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಆ ಅಭ್ಯಾಸವಿರಲಿಲ್ಲ. ಭಾವನೇ ಒಂದು ದಿನ ಊಟದ ತಟ್ಟೆಯ ಮುಂದೆ ಕೂತು ಇದನ್ನು ಅವನಿಗೆ ಹೇಳಿದ್ದ. ಅವನೇ ಹೂಂಗುಟ್ಟಿದ್ದ.

ಗಾಜಿಗೆ ಯಾರು ಅಂಥ ಮೂಲೆ ಮಾಡುತ್ತಾರೆ?

ಆಗ ಫೋನು ಬಡಿದುಕೊಂಡಿತು. ಸಾಣೆ ಕಾರ್ಖಾನೆಯ ಮ್ಯಾನೇಜರು.

“ಆ ಗಾಜಿನ ಚೂರು ತಂದುಕೊಡ್ತೀನಿ ಅಂದಿದ್ರಲ್ಲ? ಬಿಸಾಕಿಬಿಡೋಣ ಅಂತ. ಹಾಳಾದ್ದು ಕಣ್ಮುಂದೆ ಇರಬಾರದು.”

“ತರ್ತೀನಿ ಸ್ವಾಮಿ, ನಾಳೆ.”

ಬೆಳಗಿನಿಂದ ಇದು ಮೂರನೇ ಸಲ. ಬಿಸಾಕುವ ಗಾಜಿಗೆ ಮೂರು ಫೋನು!

*

ತಾಂತ್ರಿಕ ಕಾಲೇಜಿನ ಹಿಂಭಾಗದ ಶೆಡ್ಡಿನಲ್ಲಿ ಕುಲುಮೆ ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಕುಲುಮೆ ಮೇಡಂ ಅನ್ನುತ್ತಿದ್ದರು. ಹುಬ್ಬು ಅರ್ಧ ಸುಟ್ಟಿತ್ತು. ಅದನ್ನು ಮುಚ್ಚಿಕೊಳ್ಳುವ ಗೊಡವೆಗೂ ಅವರು ಹೋಗಿರಲಿಲ್ಲ.

ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ಮೊದಲು ಒಂದು ಮೀಟರಿನ ಮುಂದೆ ಇಟ್ಟರು. ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಕೆಟ್ಟುಹೋದ ಗಡಿಯಾರದ ನೀಲಮಣಿಯ ಗಾಜಿನ ಮೇಲೆ ಬಿಲ್ಲೆಯ ಚೂಪು ಮೂಲೆಯಿಂದ ಒಂದು ಗೆರೆ ಎಳೆದರು. ಮಾಮೂಲಿ ಗಾಜಿನಿಂದ ಗೀಚಲಾಗದ ಅದರ ಮೇಲೆ ಕಿರ್ರ್ ಎಂದು ಗೆರೆ ಮೂಡಿತು.

“ಇದನ್ನ ಗಾಜು ಅಂದ ಮಹಾಶಯ ಯಾರು?”

ಸಿಡುಕಣ್ಣ ತನ್ನ ಚಪ್ಪಲಿ ನೋಡಿಕೊಂಡ. “ಟೆಸ್ಟರ್ ಕೂಗಲಿಲ್ಲ, ಮೇಡಂ.”

“ಟೆಸ್ಟರಿಗೆ ವಜ್ರ ಅಂದ್ರೇನು ಅಂತ ಗೊತ್ತೇನ್ರೀ? ಅದರ ತುದಿ ಬಿಸಿ ಇರುತ್ತೆ. ವಜ್ರಕ್ಕೆ ತಾಗಿಸಿದ್ರೆ ಬಿಸಿ ಸರ್ರಂತ ಹರಿದು ಹೋಗುತ್ತೆ, ಅದು ಕೂಗುತ್ತೆ. ಹರಿಯಲಿಲ್ಲ ಅಂದ್ರೆ ಸುಮ್ಮನಿರುತ್ತೆ. ಅಷ್ಟೇ ಅದರ ಬುದ್ಧಿ. ನಿಮಗೆ ಅದಕ್ಕಿಂತ ಜಾಸ್ತಿ ಇರಬೇಕಿತ್ತು.”

“ಮತ್ತೆ ಇದರಲ್ಲಿ ಯಾಕೆ ಹರಿಯಲಿಲ್ಲ?”

“ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸ್ತಾರಲ್ಲ, ವಜ್ರದೊಳಗೆ ಪರಮಾಣುಗಳು ಹಾಗೆ ನಿಂತಿರ್ತಾವೆ. ಬಿಸಿಯನ್ನ ಹಾಗೆ ದಾಟಿಸ್ತಾವೆ. ಈಗ ಯಾರೋ ಬಂದು ಸಾಲಿನಿಂದ ಒಬ್ಬೊಬ್ಬರನ್ನೇ ಗುದ್ದಿ ಹೊರಗೆ ತಳ್ಳಿದ್ರೆ? ಬಕೆಟ್ ಅಲ್ಲಲ್ಲೇ ಬೀಳುತ್ತೆ. ಈ ಕಲ್ಲಿಗೆ ಹಾಗಾಗಿದೆ. ವೇಗವಾಗಿ ಬರೋ ಕಣಗಳು ಗುದ್ದಿ ಗುದ್ದಿ ಒಳಗೆಲ್ಲ ಖಾಲಿ ಜಾಗ ಮಾಡಿವೆ. ಆ ಖಾಲಿ ಜಾಗಗಳೇ ಬೆಳಕಿನ ಕೆಂಪು ನುಂಗ್ತಾವೆ, ಕಲ್ಲು ಹಸಿರಾಗಿ ಕಾಣುತ್ತೆ.”

“ವಿಕಿರಣ ಅಂತೀರಾ?”

“ಮತ್ತೇನು, ಜಾಂಡೀಸ್ ಅಂತೀನಾ?”

ಸಿಡುಕಣ್ಣ ಕೈ ಹಿಂದಕ್ಕೆ ಎಳೆದುಕೊಂಡ.

“ಹೆದರಬೇಡಿ. ಅದು ಪೆಟ್ಟು ತಿಂದಿದೆ ಅಷ್ಟೇ, ಇನ್ನೊಬ್ಬರಿಗೆ ಪೆಟ್ಟು ಕೊಡಲ್ಲ.”

“ಕುಲುಮೆಗೆ ಹಾಕಿ ಮೇಡಂ. ಮೊದಲಿನ ಹಾಗೆ ಬಿಳಿ ಮಾಡಿಕೊಡಿ. ಭಾವನ ಕೈಗೆ ಹಾಗೇ ಕೊಡ್ತೀನಿ.”

ಮೇಡಂ ಅವನನ್ನೇ ನೋಡಿದರು. “ನೀವು ಪತ್ತೇದಾರರು ಅಂದ್ರಲ್ಲವಾ? ಕಾಯಿಸಿದ್ರೆ ಗಾಯ ಅರ್ಧ ಮಾಯುತ್ತೆ. ಸಾಕ್ಷಿನೂ ಅರ್ಧ ಹೋಗುತ್ತೆ. ನಿಮ್ಮ ಕೈಗೆ ಬೆಂಕಿಪೆಟ್ಟಿಗೆ ಕೊಡಬಾರದು ಕಣ್ರೀ.”

ಅವರು ಲೇಸರಿನಿಂದ ಒಂದು ಅಂಚಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಚೂರನ್ನು ಕತ್ತರಿಸಿದರು. ದುಂಡು ಮೂಲೆಯ ಕಡೆ ಕೈ ಹಾಕಲಿಲ್ಲ. ಆ ಚೂರನ್ನು ಮಾತ್ರ ಗಾಳಿ ತೆಗೆದ ಕೊಳವೆಯಲ್ಲಿಟ್ಟು ಕುಲುಮೆಗೆ ತಳ್ಳಿದರು. ಸಾವಿರ ಡಿಗ್ರಿಗೆ ಏರಿ, ಅಲ್ಲೇ ನಿಂತು, ಮತ್ತೆ ಇಳಿಯಲು ಮಧ್ಯಾಹ್ನವೆಲ್ಲ ಹಿಡಿಯಿತು.

ಚೂರು ಹೊರಬಂದಾಗ ಹಸಿರು ಹೋಗಿತ್ತು. ತಿಳಿ ಗುಲಾಬಿಯೊಳಗೆ ಸ್ವಲ್ಪ ಕಂದು ಬೆರೆತ ಬಣ್ಣ. ಮೇಡಂ ಟೆಸ್ಟರ್ ತಾಗಿಸಿದರು.

ಕೀಂ!

ಹದಿನೆಂಟು ದಿನದ ಹಿಂದೆ ಇದೊಂದು ಸದ್ದು ಬಂದಿದ್ದರೆ!

ಮೇಡಂ ದೀಪ ಆರಿಸಿ ಚೂರಿನ ಮೇಲೆ ಹಸಿರು ಬೆಳಕು ಬಿಟ್ಟು ಕೆಂಪು ಕನ್ನಡಕ ಕೊಟ್ಟರು. ಚೂರು ಕೆಂಡದ ಹಾಗೆ ಉರಿಯುತ್ತಿತ್ತು.

“ಕಾರ್ಖಾನೇಲಿ ಬೆಳೆಸಿದ ವಜ್ರದಲ್ಲಿ ಅಲ್ಲೊಂದು ಇಲ್ಲೊಂದು ಸಾರಜನಕ ಸಿಕ್ಕಿಹಾಕಿಕೊಂಡಿರುತ್ತೆ. ಕಾಯಿಸಿದಾಗ ಖಾಲಿ ಜಾಗ ಅಲೆದಾಡ್ಕೊಂಡು ಹೋಗಿ ಅದರ ಪಕ್ಕ ಕೂರುತ್ತೆ. ಆಗ ಹೀಗೆ ಕೆಂಪಗೆ ಹೊಳೆಯುತ್ತೆ. ಇಷ್ಟು ಹೊಳಪು ಬರಬೇಕಾದ್ರೆ ಇದು ಗಂಟೆ ಎರಡು ಗಂಟೆ ಪೆಟ್ಟು ತಿಂದಿರೋದಲ್ಲ. ನಿಮ್ಮ ಭಾವನ ಕಾರ್ಖಾನೆ ಪಕ್ಕ ಅವರದೇ ಕಿರಣದ ಮನೇಲಿ ಇಂಥ ಕಣ ಚಿಮ್ಮಿಸೋ ಯಂತ್ರ ಇದೆಯಲ್ಲ, ಅಂಥದ್ದಾದ್ರೆ, ಕಡಿಮೆ ಅಂದ್ರೂ ಇನ್ನೂರು ಗಂಟೆ ಕಿರಣದ ದಾರೀಲಿ ಕೂತಿರಬೇಕು.”

“ಅದು ಓಡ್ತಾನೇ ಇಲ್ಲವಲ್ಲ ಮೇಡಂ. ಗೋಡೆ ಬಿರುಕು ಬಿಟ್ಟಿದೆ, ಕಿರಣ ಹೊರಗೆ ಸೋರುತ್ತೆ ಅಂತ ತಪಾಸಣೆಯವರು ಬಂದು ಎರಡು ತಿಂಗಳ ಹಿಂದೆ ಬೀಗ ಹಾಕಿ ಮುದ್ರೆ ಒತ್ತಿ ಹೋಗಿದ್ದಾರೆ.”

ಮೇಡಂ ದೀಪ ಹಾಕಿದರು. “ಮುದ್ರೆ ಒಂದು ಹೇಳುತ್ತೆ, ಕಲ್ಲು ಒಂದು ಹೇಳುತ್ತೆ. ನನ್ನ ಕೇಳಿದ್ರೆ, ಕಲ್ಲಿಗೆ ಸುಳ್ಳು ಹೇಳೋಕೆ ಕಾರಣ ಇಲ್ಲ.”

ಸಿಡುಕಣ್ಣ ಬಾಗಿಲ ಬಳಿ ನಿಂತುಬಿಟ್ಟ. ಕಿರಣದ ಮನೆ ಕಾಯುತ್ತಿದ್ದವನು ಹೋದ ತಿಂಗಳು ಸತ್ತಿದ್ದ. ಆರಡಿ ಎತ್ತರದ, ಎಲ್ಲರ ಬಾಯಲ್ಲೂ ಲಂಬು ಆಗಿದ್ದವನು. ಕೈ, ಎದೆ ಎಲ್ಲ ಸುಟ್ಟಿದ್ದವು. ಬಾಯ್ಲರಿನ ಹಬೆ ತಾಗಿತು ಎಂದು ಕಾಗದದಲ್ಲಿ ಬರೆದಿದ್ದರು.

ಮ್ಯಾನೇಜರು ಊರಲ್ಲಿ ಇಷ್ಟು ಪತ್ತೇದಾರರಿರುವಾಗ ತನ್ನನ್ನೇ ಯಾಕೆ ಕರೆಸಿದ್ದ ಎನ್ನುವುದು ಸಿಡುಕಣ್ಣನಿಗೆ ಈಗ ಹೊಳೆಯಿತು. ಸಾಕ್ಷಿಯ ಕಲ್ಲನ್ನು ಗಾಜೆಂದು ಸಾರಲು, ಮೊದಲು ಕೂಗಿ ಆಮೇಲೆ ಯೋಚಿಸುವವನು ಬೇಕಿತ್ತು. ಸ್ವಂತ ಭಾವನನ್ನೇ ಕಳ್ಳ ಅಂದವನ ಮಾತನ್ನು ಯಾರು ಅನುಮಾನಿಸುತ್ತಾರೆ?

ತಾನು ಕುರಿಯಾಗಿದ್ದ. ಅದೂ ಗಂಟೆ ಕಟ್ಟಿಕೊಂಡು ಮುಂದೆ ನಡೆದ ಕುರಿ.

*

ಮರುದಿನ ಹನ್ನೊಂದು ಗಂಟೆಗೆ ಅವನು ಭಾವನನ್ನು ಕರೆದುಕೊಂಡು ಕಾರ್ಖಾನೆಗೆ ಬಂದ. ಅಕ್ಕನೂ ಜೊತೆಗಿದ್ದಳು. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲವೆಂದು ಗೇಟಿನವನು ಅವಳನ್ನು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂರಿಸಿದ.

ಸಾಣೆಮನೆಯಲ್ಲಿ ನಲವತ್ತು ಚಕ್ರಗಳು ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ಭಾವ ಕಾಲಿಟ್ಟಿದ್ದೇ ತಡ, ಚಕ್ರಗಳ ಸದ್ದು ಒಂದೊಂದಾಗಿ ಇಳಿಯಿತು. ಕೆಲವರು ಎದ್ದು ನಿಂತರು. ಕೆಲವರು ತಲೆ ತಗ್ಗಿಸಿದರು. ಜೇಬು ತೆಗೆಸಿದ ದಿನ ಅವರೂ ಸುಮ್ಮನೆ ನೋಡುತ್ತ ಕೂತಿದ್ದವರೇ.

ಮ್ಯಾನೇಜರು ಕುಂಟುತ್ತ ಬಂದ. ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿ ಇನ್ನೂ ತಿಂಗಳಾಗಿರಲಿಲ್ಲ. “ಏನ್ರೀ ಇದು, ಕೆಲಸದ ಹೊತ್ತಲ್ಲಿ ಜಾತ್ರೆ?”

ಸಿಡುಕಣ್ಣ ಅವತ್ತು ನಿಂತಿದ್ದ ಜಾಗದಲ್ಲೇ ನಿಂತ. ಬಿಲ್ಲೆಯ ಡಬ್ಬಿಯನ್ನು ತೆರೆದು ಭಾವನ ಹಳೆಯ ಮೇಜಿನ ಮೇಲಿಟ್ಟ. 

“ಅವತ್ತು ಇಲ್ಲೇ ನಿಂತು ನಾನು ಇವರನ್ನ ಕಳ್ಳ ಅಂದೆ. ಇವರು ಕಳ್ಳರಲ್ಲ. ಕಳ್ಳತನವೇ ಆಗಿಲ್ಲ. ಇದು ಅದೇ ಕಲ್ಲು.”

“ಅವತ್ತು ಗಂಟಲು ಇನ್ನೂ ಜೋರಾಗಿತ್ತಲ್ಲ ಸ್ವಾಮಿ!” ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೂಗಿದ. “ಇಲ್ಲಿಗೆ ಕೇಳಿಸ್ತಿಲ್ಲ!”

ಯಾರೋ ಕಿಸಕ್ಕನೆ ನಕ್ಕರು. ಸಿಡುಕಣ್ಣನ ಕಿವಿ ಬಿಸಿಯಾದವು. ಬೇರೆ ದಿನವಾಗಿದ್ದರೆ ಆ ಮುದುಕನ ಗ್ರಹಚಾರ ಬಿಡಿಸುತ್ತಿದ್ದ. ಇವತ್ತು ಉಸಿರೆಳೆದುಕೊಂಡು ಮತ್ತೆ ಅದನ್ನೇ ಹೇಳಿದ. ಕೊನೆಯ ಗೋಡೆಗೆ ತಾಗುವಷ್ಟು ಜೋರಾಗಿ ಹೇಳಿದ.

“ನಾನು ಮೂಲೆ ನೋಡಲಿಲ್ಲ. ತಪ್ಪು ನನ್ನದು. ಭಾವ, ಇಪ್ಪತ್ತು ವರ್ಷ ನಿಮಗೆ ‘ನೀವು’ ಅಂದ ಬಾಯಲ್ಲಿ ಅವತ್ತು ‘ಏಯ್, ತೆಗೆಯೋ ಜೇಬು’ ಅಂದೆ. ಆ ಮಾತಿಗೆ ಕ್ಷಮೆ ಕೇಳೋ ಯೋಗ್ಯತೆ ನನಗಿಲ್ಲ. ಆದ್ರೂ ಕೇಳ್ತೀನಿ.”

ಭಾವ ತನ್ನ ಚಕ್ರದ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಿದ್ದ. ತಲೆಯೆತ್ತಲಿಲ್ಲ.

ಮ್ಯಾನೇಜರು ಚಪ್ಪಾಳೆ ತಟ್ಟಿದ. “ಸಂತೋಷ! ಎಲ್ಲಾ ಸುಖಾಂತ್ಯ. ನಾಳೆಯಿಂದ ನಿಮ್ಮ ಭಾವ ಕೆಲಸಕ್ಕೆ ಬರಲಿ. ಕೊಡಿ, ಆ ಕಲ್ಲು ಬೀರುವಿಗೆ ಇಡ್ತೀನಿ.”

“ನಿನ್ನೆ ಬಿಸಾಕ್ತೀನಿ ಅಂದ್ರಿ, ಇವತ್ತು ಬೀರುವಿಗೆ ಇಡ್ತೀರಾ?” ಸಿಡುಕಣ್ಣ ಕೈ ಅಡ್ಡ ಹಿಡಿದ. “ಇದು ಇನ್ನೂರು ಗಂಟೆ ಕಿರಣದಲ್ಲಿ ಬೆಂದ ಕಲ್ಲು. ಮುದ್ರೆ ಬಿದ್ದ ಯಂತ್ರವನ್ನ ಓಡಿಸಿದವರು ಯಾರು?”

ಸಾಣೆಮನೆಯ ಹಿಂದಿನ ಗೋಡೆಯೇ ಕಿರಣದ ಮನೆಯ ಗೋಡೆ. ಅದಕ್ಕೆ ಬೆನ್ನು ಕೊಟ್ಟು ಕೂತಿದ್ದ ಹತ್ತು ಜನ ಒಮ್ಮೆ ಹಿಂತಿರುಗಿ ನೋಡಿದರು. ಒಬ್ಬ ತನ್ನ ಸ್ಟೂಲನ್ನು ಸದ್ದಾಗದಂತೆ ಮುಂದಕ್ಕೆ ಎಳೆದುಕೊಂಡ. ಇನ್ನೊಬ್ಬ ಎದ್ದೇಬಿಟ್ಟ.

“ಲಂಬುಗೆ ತಾಗಿದ್ದು ಹಬೆ ಅಲ್ಲ ಅಲ್ವಾ?” ಸಿಡುಕಣ್ಣ ಬಿಡಲಿಲ್ಲ.

ಮ್ಯಾನೇಜರ ಮುಖದಲ್ಲಿ ನಗು ಹಾಗೇ ಇತ್ತು, ಬಣ್ಣ ಮಾತ್ರ ಹೋಗಿತ್ತು. ಅವನು ಮೆತ್ತಗೆ ಹೇಳಿದ:

“ಒಳ್ಳೆ ಪ್ರಶ್ನೆ. ನನ್ನದೂ ಒಂದಿದೆ. ಆಗ ನಾನು ಮೂರು ವಾರ ಕಾಲು ಮುರಿದುಕೊಂಡು ಮನೇಲಿದ್ದೆ. ಬೀರುವಿನ ಎರಡೂ ಕೀ ನಿಮ್ಮ ಭಾವನ ಹತ್ತಿರ ಇದ್ದವು. ಕಲ್ಲಿಗೆ ಕಾಲಿಲ್ಲ. ಬೀರುವಿನಿಂದ ಎದ್ದು ಕಿರಣದ ಮನೆಗೆ ಹೇಗೆ ಹೋಯ್ತು?”

ಸಿಡುಕಣ್ಣ ಭಾವನ ಕಡೆ ತಿರುಗಿದ. ಅಲ್ಲಿ ಅವನು ಸುಮ್ಮನಿರಬೇಕಿತ್ತು. ಭಾವನನ್ನು ಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಕೇಳಬೇಕಿತ್ತು. ಆದರೆ ನಾಲಿಗೆ ಹಳೆಯದೇ.

“ಭಾವ! ನೀವೇ ಇಟ್ಟಿರಾ? ಹೇಳಿ! ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡು ಕೂತಿದ್ರಿ?”

ಮತ್ತೆ ಅದೇ ಜಾಗ. ಮತ್ತೆ ಅದೇ ನಲವತ್ತು ಜನ. ಮಾತು ಹೊರಬಿದ್ದ ಮೇಲೆ ಅವನಿಗೆ ಅದು ಅರ್ಥವಾಯಿತು.

ಭಾವ ಹತ್ತೊಂಬತ್ತು ದಿನಗಳ ನಂತರ ಬಾಯಿ ತೆರೆದ. ದನಿ ತುಕ್ಕು ಹಿಡಿದಿತ್ತು.

“ಲಂಬು ನನ್ನ ಹತ್ತಿರ ಬಂದಿದ್ದ. ಮುದ್ರೆ ಮುಂದಿನ ಬಾಗಿಲಿಗೆ ಮಾತ್ರ, ಹಿಂದಿನ ಬಾಗಿಲಿಂದ ಹೋಗಿ ಹಗಲು ಹೊತ್ತೇ ಯಂತ್ರ ಓಡಿಸ್ತಾರೆ ಅಣ್ಣ, ಸಾಣೆ ಚಕ್ರಗಳ ಸದ್ದಲ್ಲಿ ನಿಮಗೆ ಗೊತ್ತಾಗಲ್ಲ, ಯಾರಿಗೆ ಹೇಳಿದ್ರೂ ನಂಬಲ್ಲ ಅಂದ. ನಾನೇ ಅಂದೆ, ಒಂದು ಬಿಲ್ಲೆ ಕೊಡ್ತೀನಿ, ಒಳಗೆ ಇಡು, ಯಂತ್ರ ಓಡಿದ್ರೆ ಅದು ಬಣ್ಣ ತಿರುಗುತ್ತೆ, ಅದೇ ಸಾಕ್ಷಿ ಅಂತ. ಇಡುವಾಗ ಯಂತ್ರ ನಿಂತಿತ್ತು. ತೆಗೆಯೋಕೆ ಹೋದಾಗ...”

ಅವನು ಚಕ್ರದ ಅಂಚನ್ನು ಹಿಡಿದುಕೊಂಡ.

“ಅವನಿಗೆ ಗೊತ್ತಾಗಲಿಲ್ಲ. ಯಂತ್ರ ಓಡ್ತಿತ್ತು. ಕಿರಣಕ್ಕೆ ಬೆಳಕಿಲ್ಲ, ವಾಸನೆ ಇಲ್ಲ. ಬಿಲ್ಲೆ ತಂದು ನನ್ನ ಕೈಗೆ ಕೊಟ್ಟು, ನೋಡಣ್ಣ ಹಸಿರಾಗಿದೆ ಅಂತ ನಕ್ಕ. ನಾನು ಅದನ್ನ ಬೀರುವಿಗೇ ವಾಪಸ್ ಇಟ್ಟೆ. ಎರಡು ದಿನಕ್ಕೆ ಆ ಕೈ ಊದಿತು. ಅವನ ಹೆಂಡತಿ ನನ್ನ ಹತ್ತಿರ ಬಂದು, ಅಣ್ಣ, ಬಾಯ್ಲರ್ ಹತ್ತಿರ ಇವರು ಯಾಕೆ ಹೋದ್ರು ಅಂತ ಕೇಳಿದ್ಲು. ನಾನು ಗೊತ್ತಿಲ್ಲಮ್ಮ ಅಂದೆ.”

“ಭಾವ...”

“ನೀನು ಕಳ್ಳ ಅಂದಾಗ ನನಗೆ ಒಂದು ಥರ ಸಮಾಧಾನ ಆಯ್ತು ಕಣಪ್ಪ. ನನ್ನ ಕಲ್ಲನ್ನ ಗಾಜು ಅಂದದ್ದು ಮಾತ್ರ ತಡೆಯಲಿಲ್ಲ, ಮೂಲೆ ನೋಡು ಅಂತ ಬಾಯಿಗೆ ಬಂದುಬಿಡ್ತು. ನಾನು ಕದ್ದಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ್ದೆ. ಇವರೆಲ್ಲ ಉಗಿಯೋದು ಉಗೀಲಿ, ಯಾವುದಕ್ಕಾದ್ರೂ ಉಗೀಲಿ ಅನ್ನಿಸ್ತು.”

ಅವನು ಚಕ್ರದ ಸ್ವಿಚ್ಚು ಆರಿಸಿದ. ಅದು ಮೊದಲೇ ಆರಿತ್ತು. ಮೇಜಿನ ಮೇಲೆ ಎರಡೂ ಕೈಯೂರಿ ಬಗ್ಗಿ ಒಂದು ಗಳಿಗೆ ನಿಂತ. ಆಮೇಲೆ ಪಕ್ಕದ ಬಾಗಿಲಿನಿಂದ ಹೊರಗೆ ನಡೆದ. ಯಾರೂ ತಡೆಯಲಿಲ್ಲ. ನೀರು ಕುಡಿದು, ಮುಖ ತೊಳೆದುಕೊಂಡು ಬರುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು.

ಐದು ನಿಮಿಷವಾಯಿತು. ಹತ್ತಾಯಿತು.

ಸಿಡುಕಣ್ಣ ಇದ್ದಕ್ಕಿದ್ದಂತೆ ಬಾಗಿಲ ಕಡೆ ಓಡಿದ. ಹಿಂದೆಯೇ ಇಡೀ ಸಾಣೆಮನೆ ಓಡಿತು. ನಲ್ಲಿಯ ಹತ್ತಿರ ಇಲ್ಲ. ಪಾಯಿಖಾನೆಯಲ್ಲಿ ಇಲ್ಲ. ಕಿರಣದ ಮನೆಯ ಬಾಗಿಲಲ್ಲಿ ಬೀಗ, ಬೀಗದ ಮೇಲೆ ಮುದ್ರೆ, ಎಲ್ಲ ಹಾಗೇ ಇತ್ತು. ಸಾಮಾನು ಲಾರಿ ಬರುವ ಹಿಂದಿನ ಗೇಟು ಮಾತ್ರ ಒಬ್ಬ ಮನುಷ್ಯ ನುಸುಳುವಷ್ಟು ತೆರೆದಿತ್ತು. ಆಚೆ ರಸ್ತೆ. ಎರಡೂ ಕಡೆ ಖಾಲಿ.

ಗದ್ದಲ ಕೇಳಿ ಅಕ್ಕ ಗೇಟಿನವನನ್ನು ತಳ್ಳಿಕೊಂಡು ಒಳಗೆ ಬಂದಿದ್ದಳು. “ಎಲ್ಲೋ ಅವರು? ಏನಂದ್ಯೋ ಮತ್ತೆ? ಮತ್ತೆ ಏನಂದ್ಯೋ?”

ಅವನು ಅವಳ ಮುಖ ನೋಡಲಾರದೆ ಸಾಣೆಮನೆಯೊಳಕ್ಕೆ ನಡೆದ. ಅವಳು ಹಿಂದೆಯೇ ಬಂದಳು.

ಒಳಗೆ ಮ್ಯಾನೇಜರು ಒಬ್ಬನೇ ಭಾವನ ಮೇಜಿನ ಪಕ್ಕ ನಿಂತಿದ್ದ. ಡಬ್ಬಿ ತೆರೆದಿತ್ತು. ಹತ್ತಿಯ ಮೇಲೆ ಬಿಲ್ಲೆ ಕೂತಿದ್ದ ಚೌಕ ಗುರುತು ಕಾಣುತ್ತಿತ್ತು. ಬಿಲ್ಲೆ ಇರಲಿಲ್ಲ.

“ನಾನು ಮುಟ್ಟಿಲ್ಲ.” ಮ್ಯಾನೇಜರು ಎರಡೂ ಅಂಗೈ ಬಿಡಿಸಿ ತೋರಿಸಿದ. “ಬೇಕಾದ್ರೆ ನನ್ನ ಜೇಬೂ ತೆಗೆಸಿ, ನಿಮಗೆ ಅಭ್ಯಾಸ ಇದೆಯಲ್ಲ. ಹೋಗುವಾಗ ಮೇಜಿನ ಮೇಲೆ ಬಗ್ಗಿದ್ದು ನಿಮ್ಮ ಭಾವ. ಎಲ್ಲರೂ ನೋಡಿದ್ದಾರೆ. ಅವತ್ತು ಕದ್ದಿರಲಿಲ್ಲ, ಒಪ್ಪೋಣ. ಇವತ್ತು? ಹೇಳಿ ಪತ್ತೇದಾರ್ರೇ, ಜೋರಾಗಿ ಹೇಳಿ. ಹಿಂದೆ ಕೂತವರಿಗೂ ಕೇಳಿಸಬೇಕು.”

ನಲವತ್ತು ಜನ ಬಾಗಿಲಲ್ಲಿ ಒತ್ತಿಕೊಂಡು ನಿಂತರು. ಅಕ್ಕ ತಮ್ಮನ ಬಾಯನ್ನೇ ನೋಡುತ್ತಿದ್ದಳು.

ಭಾವ ತೆಗೆದುಕೊಂಡು ಹೋದನೇ, ಈ ಮ್ಯಾನೇಜರು ಮುಚ್ಚಿಟ್ಟನೇ? ಕಲ್ಲನ್ನು ಬಿಟ್ಟು ಓಡಿದವನು ತಾನು. ಸಿಡುಕಣ್ಣ ಬಾಯಿ ತೆರೆದ. ಹುಟ್ಟಿದಾಗಿನಿಂದ ಎಂದೂ ಕೈಕೊಡದಿದ್ದ ಗಂಟಲಿನಿಂದ ಒಂದು ಶಬ್ದವೂ ಹೊರಡಲಿಲ್ಲ.

ಸಂಜೆ ಪಾಳಿ ಮುಗಿಯಿತು. ಜನ ಹೋದರು. ಅಕ್ಕ ಗೇಟಿನ ಬೆಂಚಿನ ಮೇಲೆ ಕೂತೇ ಇದ್ದಳು. ಭಾವ ಬರಲಿಲ್ಲ.